ಸಾಕ್ಷಿಗೆ ಕೊಟ್ಟ ಪತ್ರಗಳು

ನವಲಗುಂದ
೧೨-೮-೧೯೭೬

ಮುಂಬಯಿಯ ವಕೀಲರಾದ ಶ್ರೀ ದೇಸಾಯಿಯವರಿಗೆ ನಮಸ್ಕಾರ.

ನನ್ನನ್ನು ಕೆನಡಾಕ್ಕೆ ಕರೆಸಿಕೊಳ್ಳಲು ನನ್ನ ಪತಿ ಮಡಿವಾಳೆಪ್ಪನವರು ಹಾಕಿದ್ದ ಅರ್ಜಿಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿರಿ. ಕಳೆದ ತಿಂಗಳು ಅವರು ಅಲ್ಲಿಯೇ ತೀರಿಕೊಂಡರು. ಅದನ್ನು ತಿಳಿಸಿದ ಪತ್ರವನ್ನು ಲಗತ್ತಿಸಲಾರೆ. ನಾನು ಓದಿ ಹೇಳಿದ ಕೂಡಲೇ ಅವರ ತಾಯಿ, “ಸಾವಿನ ಸುದ್ದಿ ಮನ್ಯಾಗ ಇಡಬಾರದು, ಕೊಡವ್ವಾ ಇಲ್ಲೆ” ಎಂದು ಇಸಿದುಕೊಂಡು ತಾವೇ ಹರಿದುಹಾಕಿದರು. ನಮ್ಮ ಕಡೆಯ ಪದ್ಧತಿ ಅದು.

ಮದುವೆಯಾಗಿ ಹದಿನೆಂಟೇ ದಿನ ಜೊತೆಗಿದ್ದವರೆಂದು ಅಧಿಕಾರಿಗಳು ಮದುವೆ ನಿಜವೆಂಬುದಕ್ಕೆ ಸಾಕ್ಷಿ ಕೇಳಿದಾಗ, ಅವರ ನಾಲ್ಕು ವರ್ಷದ ಪತ್ರಗಳನ್ನೆಲ್ಲ ತಮಗೆ ಕೊಟ್ಟಿದ್ದೆ. ಅವನ್ನು ಇನ್ನು ಇಂಗ್ಲಿಷಿಗೆ ಮಾಡಿಸಬೇಡಿರಿ. ರಿಜಿಸ್ಟರ್ ಅಂಚೆಯಲ್ಲಿ ಹಿಂದಕ್ಕೆ ಕಳಿಸಿರಿ. ಮನೆಯಲ್ಲಿಡಬಹುದೇ ಎಂದು ಅತ್ತೆಯವರನ್ನು ಕೇಳಿದೆ. “ಜೀವ ಇದ್ದಾಗ ಬರೆದದ್ದಲ್ಲೇನು, ತರಸು. ನನಗೂ ಒಮ್ಮೆ ಓದಿ ಹೇಳು” ಎಂದರು.

ಉತ್ತರಕ್ಕಿಂತ ಆ ಪತ್ರಗಳಿಗೇ ಕಾಯುವ,
ಗೌರಾದೇವಿ