ಆರು ಚೀಲ ಬಟಾಟೆ

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 6.30

ಚಹಾ ಆಯಿತು. ಎರಡನೆಯ ಚೀಲ ಬಿಚ್ಚಬೇಕು. ಸೋಫಾಕ್ಕೂ ಟೀವಿಗೂ ನಡುವೆ ಇನ್ನೂ ಐದು ನಿಂತಿವೆ. ವಾಕಡದ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಹೊಲದ ಮಣ್ಣು. ಎಷ್ಟು ಒರೆಸಿದರೂ ಕಾಲಿಗೆ ಹತ್ತುತ್ತದೆ.

ರಿಟೈರ್ ಆದ ಮೇಲೆ ಇವರು ಗೆಳೆಯ ಈರಣ್ಣನವರ ಜೊತೆ ಸೇರಿ ಇಂದಾಪುರದ ಹತ್ತಿರ ಅರ್ಧ ಎಕರೆ ಹಿಡಿದರು. ಮೊದಲ ಬೆಳೆ ಈ ಬಟಾಟೆ. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ... ಇಲ್ಲಿ ಹೆಂಡತಿಯ ಕೈ. "ಹಂಗ ಇಟ್ರ ಮೊಳಕಿ ಬರ್ತಾವ ಭಾಮಾ. ಚಿಪ್ಸ್ ಮಾಡಿ ಒಣಗಿಸಿಬಿಡು, ವರ್ಷಾನಗಟ್ಲೆ ಇರ್ತಾವ" ಎಂದರು. ಹೇಳಲು ಎಷ್ಟು ಹೊತ್ತು ಬೇಕು.

ಬಲಗೈಯ ಮೂರು ಬೆರಳು ರಾತ್ರಿಯೆಲ್ಲ ಜೋಮು. ಮಣಿಕಟ್ಟಿನ ನರದ ಆಪರೇಶನ್ 26ಕ್ಕೆ. ತಡ ಮಾಡಿದರೆ ಹಿಡಿತ ತಿರುಗಿ ಬರುವ ಗ್ಯಾರಂಟಿ ಇಲ್ಲ ಎಂದಿದ್ದಾರೆ ಡಾಕ್ಟರು. ಹದಿನೈದು ದಿನ ಇದೆ. ಮುಗಿಸಬಹುದು.

ಮಾರ್ಚ್ 13, ಗುರುವಾರ

ಸಿಪ್ಪೆ ತೆಗಿ. ಕಿಸಣಿಯ ಮೇಲೆ ತಿಕ್ಕಿ ಹೋಳು ಬೀಳಿಸು. ಪಟಿಕದ ನೀರಿನಲ್ಲಿ ನೆನೆಹಾಕು. ಉಪ್ಪುನೀರಿನಲ್ಲಿ ಅರೆ ಬೇಯಿಸು. ಬಸಿ. ಟೆರೇಸಿಗೆ ಹೊರು. ಹಳೇ ಸೀರೆಯ ಮೇಲೆ ಒಂದೊಂದಾಗಿ ಬಿಡಿಸಿ ಹಾಕು. ಪಾರಿವಾಳ ಓಡಿಸು. ಸಂಜೆ ಎತ್ತು. ನಾಳೆ ಮತ್ತೆ.

ಕಿಸಣಿ ಬೆರಳು ಕೊಯ್ದದ್ದು ಗೊತ್ತೇ ಆಗಲಿಲ್ಲ. ನೀರು ಕೆಂಪಾದ ಮೇಲೆ ನೋಡಿಕೊಂಡೆ. ಆ ಪಾತ್ರೆಯದನ್ನೆಲ್ಲ ಚೆಲ್ಲಿದೆ. ಇವರು ಬಾಗಿಲಲ್ಲಿ ನಿಂತು, "ಅಯ್ಯ, ಎಷ್ಟೊಂದು ಹೋತು" ಎಂದರು. ಬಟಾಟೆಯ ಬಗ್ಗೆ.

ಮಾರ್ಚ್ 16, ರವಿವಾರ

ಬೆಳಗಿನ ವಾಕಿಂಗ್ ಗುಂಪಿಗೆ, ಕನ್ನಡ ಸಂಘದವರಿಗೆ, ಎಲ್ಲರಿಗೂ ಹೇಳಿ ಬಂದಿದ್ದಾರೆ. ರಾಮನವಮಿಯ ಉಪವಾಸಕ್ಕೆ ನಮ್ಮ ಹೊಲದ ಚಿಪ್ಸ್, ಮನೆಗೊಂದು ಡಬ್ಬಿ. ಇಪ್ಪತ್ತೆರಡು ಮನೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಉಪವಾಸದ್ದು ಎಂದ ಮೇಲೆ ಕಟ್ಟುನಿಟ್ಟು ಬೇರೆ. ಅರಿಷಿಣ, ಇಂಗು ಹತ್ತಿರ ಸುಳಿಯಬಾರದು. ಒಂದು ಚಿಟಿಕೆ ತಾಗಿದರೂ ಯಾರೂ ಮುಟ್ಟುವುದಿಲ್ಲ. ಪಾತ್ರೆ ಬೇರೆ, ಸೌಟು ಬೇರೆ. ತೊಳೆಯುವ ಕೈ ಮಾತ್ರ ಅದೇ.

ಮಾರ್ಚ್ 19, ಬುಧವಾರ. ಮಧ್ಯಾಹ್ನ 3

ಮೂರು ಚೀಲ ಮುಗಿದವು. ಒಣಗಿದ್ದೆಲ್ಲ ಸ್ಟೀಲ್ ಡ್ರಮ್ಮಿನಲ್ಲಿ. ಊಟದ ಹೊತ್ತಿಗೆ ಕೇಳಿದೆ.

"ಏನ್ರಿ, ಇಪ್ಪತ್ತಾರಕ್ಕ ಆಪರೇಶನ್ ಅದ. ಉಳಿದದ್ದು ಯಾರಿಗರೆ ಕೊಟ್ಟುಬಿಡೂಣ?"

"ಅದ್ಹೆಂಗ? ಎಲ್ಲಾರಿಗೂ ಹೇಳೇನಿ. ಬಟಾಟಿ ಕಾಯೂದಿಲ್ಲ ಭಾಮಾ, ಕೈ ಕಾಯ್ತದ. ರಾಮನವಮಿ ಆದಮ್ಯಾಲ ಬ್ಯಾರೆ ಡೇಟ್ ತಗೊಳ್ಳೂಣ. ಫೋನ್ ಮಾಡಿ ಕ್ಯಾನ್ಸಲ್ ಮಾಡು."

ಮಜ್ಜಿಗೆ ಕೇಳಿದರು. ಬಡಿಸಿದೆ. ಮೂವತ್ನಾಲ್ಕು ವರ್ಷದಲ್ಲಿ ಇಷ್ಟು ಸಿಟ್ಟು ಬಂದದ್ದಿಲ್ಲ. ಜಗಳಕ್ಕೂ ತ್ರಾಣ ಬೇಕಲ್ಲ. ಫೋನ್ ಕೈಯಲ್ಲಿ ಹಿಡಿದು ಕೂತೆ. ಮಾಡಲಿಲ್ಲ.

ಮಾರ್ಚ್ 21, ಶುಕ್ರವಾರ

ಅರಿಷಿಣ ಬಿತ್ತು.

ಮೇಲಿನ ಹಲಗೆಯಿಂದ ಡಬ್ಬಿ ಇಳಿಸುತ್ತಿದ್ದೆ. ಕೆಳಗೆ ಡ್ರಮ್ಮಿನ ಬಾಯಿ ತೆರೆದಿತ್ತು. ಬಲಗೈಯಲ್ಲಿ ಜೀವವಿಲ್ಲ, ಜಾರಿತು. ಅರ್ಧ ಕಿಲೋ ಪುಡಿ. ತೆಗೆಯಲೆಂದು ಕೈ ಹಾಕಿದ್ದಕ್ಕೆ ತಳದವರೆಗೂ ಇಳಿಯಿತು. ಮೂರು ಚೀಲದ್ದೂ ಹಳದಿ.

ಸಪ್ಪಳ ಕೇಳಿ ಎದುರು ಮನೆಯ ಪ್ರಾಚಿ ಬಂದಳು. "ಕಾಕೂ, ಹೇ ಉಪವಾಸಾಲಾ ನಾಹೀ ಚಾಲಣಾರ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ಉಪವಾಸಕ್ಕೆ ನಡೆಯುವುದಿಲ್ಲ, ನನಗೂ ಗೊತ್ತು ಎಂದೆ.

ಇವರು ಡ್ರಮ್ಮಿನ ಮುಂದೆ ಬಹಳ ಹೊತ್ತು ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 23, ರವಿವಾರ

ಉಳಿದ ಮೂರು ಚೀಲ ಕೆಳಗಿನ ಸುಖೇಶನ ಹೋಟೆಲಿಗೆ ಹೋದವು, ದೋಸೆಯ ಪಲ್ಯಕ್ಕೆ. ಅಲ್ಲಿ ಅರಿಷಿಣದ ಕಾಟವಿಲ್ಲ. ಹಾಲ್ ಖಾಲಿ. ಕಸ ಇವರೇ ಗುಡಿಸಿದರು.

"ಮತ್ತ ಡೇಟ್ ಸಿಗ್ತದೇನು ಕೇಳು."

"ಕ್ಯಾನ್ಸಲ್ ಮಾಡಿಲ್ಲ."

ಮುಖ ನೋಡಿದರು. "ಛಲೋ ಆತು ಬಿಡು" ಎಂದರು.

ಏಪ್ರಿಲ್ 6, ರವಿವಾರ. ರಾಮನವಮಿ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಒಂದನೇ ಇಯತ್ತೆಯ ಮಗುವಿನದು. ಬಲಗೈಗೆ ಪಟ್ಟಿ. ಹೊಲಿಗೆ ಬಿಚ್ಚುವುದು 9ಕ್ಕೆ. ಜೋಮು ಹೋಗಿದೆ. ನಿದ್ದೆ ಬರುತ್ತದೆ, ಆದರೂ ದಣಿವು ಹೋಗಿಲ್ಲ.

ಬೆಳಿಗ್ಗೆಯಿಂದ ಹಬ್ಬದ ಫೋನ್. ಚಿಪ್ಸ್ ಕೇಳುತ್ತಾರೆ. ಇವರು ಪ್ರತಿಯೊಬ್ಬರಿಗೂ ಅದನ್ನೇ ಹೇಳುತ್ತಿದ್ದಾರೆ.

"ಅಕೀ ತಪ್ಪಲ್ರಿ. ಕೈಯಾಗ ಶಕ್ತೀನ ಇದ್ದಿಲ್ಲ, ಡಬ್ಬಿ ಜಾರ್ತು. ಅಂಥಾ ಕೈಲೆ ನಾನ ಕೆಲಸಾ ಮಾಡಿಸಿದೆ. ತಪ್ಪು ನಂದು."

ಒಳಗೆ ಕೂತು ಎಣಿಸಿದೆ. ಹನ್ನೊಂದು ಸಲ.

ಮಧ್ಯಾಹ್ನ ಹಳದಿ ಚಿಪ್ಸ್ ಕರಿದು ತಂದರು. ತಾವು ಉಪವಾಸ. "ನೀ ಗುಳಿಗಿ ತಗೋಬೇಕು, ತಿನ್ನು" ಎಂದು ಒಂದೊಂದೇ ಬಾಯಿಗಿಟ್ಟರು. ಎಣ್ಣೆ ಸಿಡಿದು ಅವರ ಕೈಗೆ ಬೊಬ್ಬೆ ಬಂದಿದೆ. ನನಗೆ ನಾಚಿಕೆ.

ಮಾರ್ಚ್ 21ರ ಪುಟದಲ್ಲಿ ಡಬ್ಬಿ ಜಾರಿತು ಅಂತ ಬರೆದಿದ್ದೇನೆ. ಯಾರೂ ಓದದ ವಹಿಯಲ್ಲೂ ಸುಳ್ಳು. ಹೊಡೆದು ಹಾಕಿ ಸರಿಯಾಗಿ ಬರೆಯಬೇಕು. ಡಬ್ಬಿ ಹಿಡಿದದ್ದು ಎಡಗೈಯಲ್ಲಿ. ಮುಚ್ಚಳ ಹಲ್ಲಿನಿಂದ ತೆಗೆದೆ.

ಎಡಗೈಗೆ ಏನೂ ಆಗಿರಲಿಲ್ಲ.

ಫೋನ್ ಇಟ್ಟರು. ಒಳಗೆ ಬರುತ್ತಿದ್ದಾರೆ. ಇವತ್ತು ಹೇಳಿಯೇ—