ಇಪ್ಪತ್ತೆರಡು ಸಾವಿರ ಅಗಿ, ಹನ್ನೊಂದು ರೇಡಿಯೊ

ಮಸ್ಕಿ
17 ಜುಲೈ 2024, ಬುಧವಾರ

ಚಿ. ಸೌ. ಕಸ್ತೂರೆಮ್ಮಳಿಗೆ,

ನಿನ್ನ ಗಂಡ ಸೂಗಪ್ಪ ಮಾಡುವ ಆಶೀರ್ವಾದಗಳು. ಆಶೀರ್ವಾದ ಮಾಡುವ ಯೋಗ್ಯತೆ ಸದ್ಯಕ್ಕೆ ನನಗಿದೆಯೋ ಇಲ್ಲವೋ ಎಂಬುದನ್ನು ಪತ್ರ ಓದಿ ಮುಗಿಸಿ ನೀನೇ ತೀರ್ಮಾನಿಸು. ಇಲ್ಲಿ ನಾನು, ಹನ್ನೊಂದು ರೇಡಿಯೊ, ಎರಡು ಟೇಪ್‌ರೆಕಾರ್ಡರು ಕ್ಷೇಮ. ಇಪ್ಪತ್ತೆರಡು ಸಾವಿರ ಮೆಣಸಿನ ಸಸಿಗಳ ಯೋಗಕ್ಷೇಮ ಮುಂದೆ ಬರುತ್ತದೆ. ಅಲ್ಲಿ ಲಿಂಗಸುಗೂರಿನಲ್ಲಿ ನಿನ್ನ ತಮ್ಮ ಗುರುಬಸವ, ಅವನ ಮಗಳು ಅಶ್ವಿನಿ, ಅವಳ ಹನ್ನೆರಡು ದಿನದ ಕೂಸು ಎಲ್ಲರೂ ಆರಾಮ ಇದ್ದಾರೆಂದು ನಂಬಿದ್ದೇನೆ. ಬಾಣಂತನಕ್ಕೆಂದು ಹೋದ ನೀನೂ ಆರಾಮ ಇದ್ದೀ ಎಂದು ನಂಬಲು ನನ್ನ ಬಳಿ ಆಧಾರವಿಲ್ಲ.

ಉತ್ತರ ತಡವಾದದ್ದಕ್ಕೆ ತಪ್ಪಾಯಿತು ಅನ್ನುತ್ತೇನೆ. ಹೋದ ಗುರುವಾರ ನೀನು ಫೋನಿನಲ್ಲಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ನಾ ಬರೂದಿಲ್ಲ. ಮನ್ಯಾಗ ಅಗಿ ಇರಬೇಕೋ ರೇಡಿಯೋ ಇರಬೇಕೋ ಒಂದು ತೀರ್ಮಾನ ಮಾಡ್ರಿ. ಮಾಡಿ, ಬರದು ಕಳಿಸ್ರಿ. ಫೋನ್ನಾಗ ನೀವು ಹೂಂ ಅಂತೀರಿ, ಆಮ್ಯಾಲ ನಾ ಯಾವಾಗ ಅಂದಿನಿ ಅಂತೀರಿ. ಕಾಗದ ಆದ್ರ ನಿಮ್ಮ ಅಕ್ಷರ ನಿಮಗ ತೋರಸಾಕ ಬರ್ತೈತಿ."

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಬಂದ ಆರೋಪಗಳಲ್ಲಿ ಇದರಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ. ಹಾಗಾಗಿಯೇ ಉತ್ತರಕ್ಕೆ ಆರು ದಿನ ಹಿಡಿಯಿತು. ಪೆನ್ನು ಶುಕ್ರವಾರವೇ ಸಿಕ್ಕಿತ್ತು. ಈ ಹೊತ್ತು ಮೊಹರಮ್ಮಿಗೆ ರಜೆ ಮಾಡಿ ದಾವಲ್‌ಬೀ ಕೆಲಸಕ್ಕೆ ಬಂದಿಲ್ಲ, ನನ್ನನ್ನು ಬೈಯುವವರು ಯಾರೂ ಹತ್ತಿರ ಇಲ್ಲ. ಸತ್ಯ ಬರೆಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಾರದು. ಅವಳು ನಿನಗೆ ಏನೇನು ವರದಿ ಒಪ್ಪಿಸಿದ್ದಾಳೋ ಗೊತ್ತಿಲ್ಲ. ಆಪಾದಿತನ ಹೇಳಿಕೆಯನ್ನೂ ಒಮ್ಮೆ ಕೇಳಿಬಿಡು.

ವೆಂಕೋಬನ ಬೀಜ ಹಾಕಿ, ಇನ್ನೂರಿಪ್ಪತ್ತೈದು ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಕರಿ ಪ್ಲಾಸ್ಟಿಕ್ಕು ಸುತ್ತಿ ಗಂಟು ಬಿಗಿದವಳು ನೀನೇ. ದಢೇಸುಗೂರಿನಲ್ಲಿ ಊರಿಗೆ ಊರೇ ಕಾಲುವೆ ನೀರಿಗೆ ಭತ್ತ ಹಚ್ಚುತ್ತಿರುವಾಗ ತಾನೊಬ್ಬ ಎರಡು ಎಕರೆ ಮೆಣಸಿನಕಾಯಿ ಹಚ್ಚುತ್ತೇನೆಂದು ಹಠ ತೊಟ್ಟ ಮನುಷ್ಯ ಅವನು. "ಕಸ್ತೂರಕ್ಕನ ಅಗಿ ಆದ್ರ ಹಚ್ತೀನಿ, ಇಲ್ಲಾಂದ್ರ ಇಲ್ಲ" ಎಂದು ನಿನ್ನ ಹೆಸರು ಹೇಳಿಕೊಂಡು ನಮ್ಮ ನರ್ಸರಿಯ ನೆರಳುಮನೆಗೆ ಬಂದವನು. ಪ್ಲಾಸ್ಟಿಕ್ಕಿನ ಕಾವಿಗೆ ಬೀಜ ಒಡೆಯುತ್ತದೆ, ಏಳನೆಯ ದಿನ ಗಂಟು ಬಿಚ್ಚಿ, ಟ್ರೇ ಹರವಿ, ಮೊಳಕೆಗೆ ಬೆಳಕು ತೋರಿಸಬೇಕು. ತೋರಿಸದಿದ್ದರೆ ಅವು ಕತ್ತಲಲ್ಲೇ ಬೆಳಕು ಹುಡುಕುತ್ತ ಸಿಕ್ಕಾಪಟ್ಟೆ ಉದ್ದವಾಗುತ್ತವೆ. ಇದೆಲ್ಲ ನನಗೆ ಗೊತ್ತು. ಗೊತ್ತಿಲ್ಲದವನು ಮಾಡಿದ ತಪ್ಪು ಇದಲ್ಲ.

ನೀನು ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ ಎಂಟನೆಯ ತಾರೀಖು ಸೋಮವಾರಕ್ಕೆ ಕುಂಕುಮದ ಸುತ್ತು ಹಾಕಿದೆ. ಶನಿವಾರ ಬಸ್ಸು ಹತ್ತುವಾಗ ಕಿಟಕಿಯಿಂದ ಮತ್ತೆ ಹೇಳಿದೆ. ಭಾನುವಾರ ಸಿಂಧನೂರಿನಿಂದ ಸಿದ್ದಲಿಂಗೇಶ ಮಾಸ್ತರರು ಒಂದು ರೇಡಿಯೊ ರಿಪೇರಿಗೆ ಹೊತ್ತು ತಂದರು. ಗಾಜಿನ ವಾಲ್ವಿನದು, ತೇಗದ ಪೆಟ್ಟಿಗೆಯದು. ಹಚ್ಚಿದರೆ ಮುದುಕ ಗೊರಕೆ ಹೊಡೆದಂತೆ ಶಬ್ದ ಮಾಡುತ್ತಿತ್ತು. ಅದರ ಒಳಗಿನ ವೈರುಗಳ ನಕ್ಷೆಯನ್ನು ಕಣ್ಣೆದುರು ತೂಗುಹಾಕಲು ನನಗೊಂದು ಮೊಳೆ ಬೇಕಾಯಿತು. ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ, ಅದರಲ್ಲಿ ಕ್ಯಾಲೆಂಡರು. ನಾನು ಕ್ಯಾಲೆಂಡರನ್ನು ತೆಗೆಯಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸು. ಅದರ ಮೇಲೆ ನಕ್ಷೆ ಹಾಕಿದೆ, ಅಷ್ಟೆ. ಸೋಮವಾರ ನಕ್ಷೆಯ ಹಿಂದೆ ಬಂತು, ನಕ್ಷೆಯ ಹಿಂದೆಯೇ ಹೋಯಿತು. ಮಂಗಳವಾರ, ಬುಧವಾರಗಳೂ ಅದನ್ನೇ ಅನುಸರಿಸಿದವು.

ಮಗಳ ಊರಿಗೆ ಹೋಗಿದ್ದ ದಾವಲ್‌ಬೀ ಗುರುವಾರ ಬೆಳಿಗ್ಗೆ ಬಂದವಳೇ ಗಂಟು ಬಿಚ್ಚಿದಳು. ಮೊಳಕೆಗಳು ಬೆಳ್ಳಗೆ, ಬೆರಳುದ್ದ, ಒಂದರ ಮೇಲೊಂದು ಬಿದ್ದುಕೊಂಡಿದ್ದವು.

"ಸೂಗಣ್ಣ, ಶಾವಿಗಿ ಚೊಲೋ ಆಗ್ಯಾವ. ಹಾಲು ಬೆಲ್ಲ ತರ್ಲೇನು?" ಅಂದಳು.

ಇಲ್ಲಿಯವರೆಗಿನದನ್ನು ಅವಳು ನಿನಗೆ ಹೇಳಿದ್ದಾಳೆ. ಮುಂದಿನದನ್ನು ನಗು ತಡೆಯಲಾರದೆ ಅರ್ಧಕ್ಕೇ ಬಿಟ್ಟಿರಬೇಕು.

ಟೊಮ್ಯಾಟೊ ಸಸಿಗಳಿಗೆ ಬೆಳಿಗ್ಗೆ ಆರಕ್ಕೆ ನೀರು ಬಿಡಲು ನಾನೊಂದು ಏರ್ಪಾಡು ಮಾಡಿದ್ದೆ. ಅಟ್ಟದ ಮೇಲಿದ್ದ ಗಡಿಯಾರದ ರೇಡಿಯೊವನ್ನು ತಂದು, ಅದರ ಅಲಾರಾಂ ವೈರನ್ನು ನೀರಿನ ಮೋಟರಿಗೆ ಕೊಟ್ಟಿದ್ದೆ. ಗಡಿಯಾರದಲ್ಲಿ ಆರಾದರೆ ರೇಡಿಯೊ ಮಾತಾಡುತ್ತದೆ, ಮೇಲಿನ ಪೈಪುಗಳಿಂದ ತುಂತುರು ಬೀಳುತ್ತದೆ. ಎರಡೂ ಕಸುಬನ್ನು ಒಂದೇ ನೊಗಕ್ಕೆ ಕಟ್ಟಿದ ಮೊದಲ ಮನುಷ್ಯ ನಾನೇ ಎಂದು ನಾಲ್ಕು ದಿನ ಎದೆಯುಬ್ಬಿಸಿ ಓಡಾಡಿದೆ. ಕರೆಂಟು ಹೋಗಿ ಬಂದರೆ ಆ ಗಡಿಯಾರ ಮತ್ತೆ ರಾತ್ರಿ ಹನ್ನೆರಡರಿಂದ ಎಣಿಸಲು ಶುರು ಮಾಡುತ್ತದೆ ಎಂಬುದೊಂದು ಮರೆತಿತ್ತು. ಗುರುವಾರ ಕರೆಂಟು ಬಂದದ್ದು ಬೆಳಗಿನ ಐದಕ್ಕೆ. ಹಾಗಾಗಿ ಗಡಿಯಾರಕ್ಕೆ ಆರಾದಾಗ ಮಸ್ಕಿಗೆ ಹನ್ನೊಂದಾಗಿತ್ತು. ಹನ್ನೊಂದಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸಸಿ ನೋಡಲು ಬಂದ ವೆಂಕೋಬ ಪೈಪುಗಳ ಕೆಳಗೆ ನಟ್ಟನಡುವೆ ನಿಂತಿದ್ದ.

ರೇಡಿಯೊದಲ್ಲಿ ಒಬ್ಬಳು ಹೆಣ್ಣುಮಗಳು, ರಾಯಚೂರು ಜಿಲ್ಲೆಯಲ್ಲಿ ಇಂದು ಒಣಹವೆ ಇರುತ್ತದೆ ಎಂದಳು. ನೀರು ಬಿತ್ತು.

ವೆಂಕೋಬ ಅಲುಗಲಿಲ್ಲ. ಮುಖದ ನೀರನ್ನು ಕೈಯಿಂದ ಇಳಿಸಿ, "ಸೂಗಣ್ಣ, ಆಕಿ ಒಣ ಹವಾ ಅನ್ನಾಕತ್ಯಾಳ. ಆಕೀಗೆ ಜರಾ ನನ್ನ ಅಂಗಿ ತೋರಸು" ಅಂದ.

ನಾನು ಮೋಟರು ಬಂದ್ ಮಾಡಿದೆ. ಅಷ್ಟರಲ್ಲಿ ಅವನ ಕಣ್ಣು ಟ್ರೇಗಳ ಮೇಲೆ ಬಿತ್ತು.

"ಇವು ಏನು?"

"ನಿನ್ನವ."

"ನನ್ನವು ಮೆಣಸಿನಕಾಯಿ ಇದ್ದವು." ಬಾಗಿ ಒಂದನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದ. ಅದು ಮತ್ತೆ ಮಲಗಿತು. "ಅಕ್ಕ ಎಲ್ಲಿ?"

"ಲಿಂಗಸುಗೂರಾಗ."

"ಅದಕ್ಕ ಹಿಂಗಾಗೇತಿ," ಅಂದ. "ನಾ ಊರಾಗ ಏನಂತ ಹೇಳ್ಲಿ? ಕಸ್ತೂರಕ್ಕನ ಅಗಿ ಸುಳ್ಳಾಗೂದಿಲ್ಲ ಅಂತ ಚಾವಡಿಮ್ಯಾಲ ಕುಂತು ಹೇಳೀನಿ. ಈಗ ನಿಮ್ಮನಿಯವ್ರ ಹೆಸರು ಹೋಗ್ತೈತಿ, ನಂದೂ ಹೋಗ್ತೈತಿ."

ಅವನು ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಬೀಜ ನಾನೇ ತರುತ್ತೇನೆ, ಹೊಸದಾಗಿ ಹಾಕುತ್ತೇನೆ, ಹನ್ನೊಂದು ದಿನ ತಡೆದುಕೋ ಎಂದು ಕೈಮುಗಿದೆ. ಅವನು ಅಂಗಿಯ ನೀರು ಹಿಂಡಿದ.

"ಕಬೂಲ್. ಆದ್ರ ಒಂದು ಮಾತು. ನಮ್ಮಪ್ಪನ ರೇಡಿಯೋ ಎಂಟು ವರ್ಷ ಆತು, ಮೂಕ ಆಗೇತಿ. ಅದನ್ನ ಮಾತಾಡ್ಸಿಕೊಡು. ಅಪ್ಪ ದಿನಾ ಕೇಳ್ತಾನ. ಅಲ್ಲೀತನ ನಾನೂ ತಡಕೋತೀನಿ."

ನೋಡು ಕಸ್ತೂರಿ, ರೇಡಿಯೊದಿಂದ ಹಾಳಾದ ಸಸಿಯ ಪಾಪವನ್ನು ರೇಡಿಯೊ ರಿಪೇರಿ ಮಾಡಿಯೇ ಕಳೆದುಕೊಳ್ಳಬೇಕೆಂದು ತೀರ್ಪಾಯಿತು. ಇಂಥ ತೀರ್ಪು ಯಾವ ಕೋರ್ಟಿನಲ್ಲೂ ಬಂದಿರಲಿಕ್ಕಿಲ್ಲ.

ಶುಕ್ರವಾರ ಅವನು ರೇಡಿಯೊ ತಂದಿಟ್ಟ. ಶನಿವಾರ ನಾನೂ ದಾವಲ್‌ಬೀಯೂ ತೆಂಗಿನ ನಾರಿನ ಪುಡಿ ತುಂಬಿ, ಒಂದು ಕುಣಿಗೆ ಒಂದೇ ಬೀಜದಂತೆ, ನೀನು ಹಾಕುವ ಹಾಗೆಯೇ ಹಾಕಿದೆವು. ಸಂಜೆ ಹೊತ್ತಿಗೆ ನನ್ನ ಸೊಂಟ ಮಾಸ್ತರರ ರೇಡಿಯೊದ ಹಾಗೆ ಶಬ್ದ ಮಾಡುತ್ತಿತ್ತು. ಬೀಜ ಯಾವ ದುಡ್ಡಿನಲ್ಲಿ ಬಂತೆಂದು ಕೇಳಬೇಡ. ಅಟ್ಟದ ಮೇಲಿದ್ದ ಹಳೆಯ ಟೀವಿ ಪೆಟ್ಟಿಗೆಗಳು ಈಗ ಅಲ್ಲಿಲ್ಲ, ನೀನು ಬಯಸಿದಂತೆ ಅಲ್ಲಿ ಕುಂಬಳಕಾಯಿ ಇಡಬಹುದು. ಹೊರಡುವಾಗ ದಾವಲ್‌ಬೀ ಮೇಜಿನ ಮೇಲಿದ್ದ ನನ್ನ ಸಾಲ್ಡರ್ ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಅಕ್ಕ ಬಂದ ಮ್ಯಾಲ ಆಕೀ ಕೈಯಾಗ ಕೊಡ್ತೀನಿ" ಎಂದಳು. ವೆಂಕೋಬನ ಕೆಲಸಕ್ಕೆ ಬೇಕೆಂದು ಬೇಡಿಕೊಂಡ ಮೇಲೆ ದಿನಕ್ಕೆ ಎರಡು ತಾಸು ಕೊಟ್ಟಳು, ಹುಡುಗರಿಗೆ ಪೆಪ್ಪರಮೆಂಟು ಕೊಟ್ಟ ಹಾಗೆ. ಆ ಎರಡು ತಾಸೂ ಎದುರಿಗೇ ಕೂತಿರುತ್ತಿದ್ದಳು.

ಈಗ ನೀನು ಕೇಳಿದ ತೀರ್ಮಾನ. ನನ್ನ ಅಕ್ಷರದಲ್ಲೇ ಇದೆ, ತೆಗೆದಿಟ್ಟುಕೋ: ಅಗಿ ಇರಲಿ, ರೇಡಿಯೊ ಹೋಗಲಿ. ಹನ್ನೊಂದು ರೇಡಿಯೊಗಳಲ್ಲಿ ಹತ್ತರ ಯಜಮಾನರಿಗೆ ಬಂದು ಒಯ್ಯಿರಿ ಎಂದು ಹೇಳಿ ಕಳಿಸಿದ್ದೇನೆ. ಹನ್ನೊಂದನೆಯದರ ಯಜಮಾನಿತಿಗೆ ಕೆಳಗೆ ಬರೆದಿದ್ದೇನೆ.

ಕೂಸಿನ ನೆತ್ತಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು, ಅದು ಸದ್ಯ ನನ್ನ ಮೇಲೆ ಸಿಟ್ಟಿಲ್ಲದ ಒಂದೇ ಜೀವ. ಅಶ್ವಿನಿಗೆ ಖಾರ ಕೊಡಬೇಡ. ಗುರುಬಸವನಿಗೆ ಹೇಳು, ಅವನ ಅಕ್ಕನನ್ನು ಬಸ್ಸಿಗೆ ಹತ್ತಿಸುವುದಾದರೆ ನಾನು ಬಸ್ ಸ್ಟ್ಯಾಂಡಿನಲ್ಲಿ ಎರಡು ತಾಸು ಮುಂಚೆ ನಿಂತಿರುತ್ತೇನೆ. ಈ ಪತ್ರ ನಾಳೆ ಬೆಳಗಿನ ಬಸ್ಸಿಗೆ ಬರುವ ನಿಂಗರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ಸುಖವಾಗಿರು, ನೂರು ವರ್ಷ ಬೈಯುತ್ತಿರು.

ನಿನ್ನ
ಸೂಗಪ್ಪ

ತಾ.ಕ.: ರೇಡಿಯೊ ಬಿಟ್ಟದ್ದು ಸಸಿ ಕೆಟ್ಟದ್ದಕ್ಕಲ್ಲ. ಅದನ್ನು ಮೇಲೆ ಬರೆಯಬೇಕಿತ್ತು, ಕೈ ಏಳಲಿಲ್ಲ.

ವೆಂಕೋಬನ ಅಪ್ಪನ ರೇಡಿಯೊದಲ್ಲಿ ಕೆಟ್ಟದ್ದು ಬರೀ ಒಂದು ಕಂಡೆನ್ಸರು. ಅದನ್ನು ಹುಡುಕುತ್ತ ಹಿಂಬದಿ ತೆಗೆದಾಗ ಒಂದು ವಾಲ್ವಿನ ಬುಡದಲ್ಲಿ ಕೆಂಪು ಚುಕ್ಕೆ ಕಂಡಿತು. ನಿನ್ನ ಉಗುರುಬಣ್ಣ. ಮದುವೆಯಾದ ಹೊಸತರಲ್ಲಿ ಶೀಶೆ ಅರ್ಧ ಖಾಲಿಯಾಗಿದೆಯೆಂದು ನೀನು ಹುಡುಕಾಡಿದ್ದೆ, ಇರುವೆ ಕುಡಿದಿರಬೇಕು ಎಂದು ನಾನು ಹೇಳಿದ್ದೆ. ಆಗ ಕಾಣಿಕೆಯಾಗಿ ಬಂದ ನಿಮ್ಮಪ್ಪನ ರೇಡಿಯೊದ ಒಂದೊಂದು ವಾಲ್ವಿಗೂ, ನಮ್ಮದೆಂದು ಗುರುತಿರಲಿ ಅಂತ, ಹೆಮ್ಮೆಯಿಂದ ಚುಕ್ಕೆ ಇಟ್ಟವನು ನಾನೇ.

ಇಪ್ಪತ್ತೊಂದು ವರ್ಷದ ಹಿಂದೆ ವೆಂಕೋಬನ ಅಪ್ಪ ಬಂದು, ಮನೆಯಲ್ಲಿ ಮದುವೆ, ಸಂಜೆಯೊಳಗೆ ರೇಡಿಯೊ ಹಾಡಲೇಬೇಕೆಂದು ಕೂತುಬಿಟ್ಟ. ವಾಲ್ವು ಇರಲಿಲ್ಲ. ನೀನು ನೀರಿಗೆ ಹೋಗಿದ್ದೆ. ನಿಮ್ಮಪ್ಪನದರಿಂದ ಒಂದು ತೆಗೆದು ಹಾಕಿಕೊಟ್ಟೆ. ಮುಂದಿನ ವಾರ ಬೇರೆ ತಂದು ಹಾಕಿದರಾಯಿತು ಎಂದುಕೊಂಡೆ. ಮುಂದಿನ ವಾರ ನೀನು, ಯಾಕೆ ಹಾಡವಲ್ಲದು ಎಂದು ಕೇಳಿದೆ. ವಾಲ್ವು ಸುಟ್ಟಿದೆ, ಈಗ ಎಲ್ಲೂ ಸಿಗುವುದಿಲ್ಲ ಎಂದೆ. ಒಮ್ಮೆ ಹೇಳಿದ ಮೇಲೆ ತರುವುದು ಹೇಗೆ? ತಂದರೆ ಸುಳ್ಳು ಗೊತ್ತಾಗುತ್ತಿತ್ತು.

ನಿಮ್ಮಪ್ಪ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿ ಎಂಟು ದಿನ ಇದ್ದದ್ದು ನಿನಗೆ ನೆನಪಿದೆ. ಎರಡೂ ಕಣ್ಣಿಗೆ ಪಟ್ಟಿ, ಕೇಳುವುದೊಂದೇ ಉಳಿದಿತ್ತು. "ಅಳ್ಯಾರ, ನನ್ನ ರೇಡಿಯೋ ಹಚ್ಚರಲ್ಲ" ಅಂದರು. ನಾನು ಬೇರೆಯದು ಹಚ್ಚಿ ಇಟ್ಟೆ. ಎರಡು ಮಾತು ಕೇಳಿ, "ಇದರ ದನಿ ಬ್ಯಾರೆ" ಅಂದರು. ಆಮೇಲೆ ನಿನಗೆ ಹೇಳಿದರು, "ಇರ್ಲಿ ಬಿಡವ್ವ. ನಿನ್ನ ಗಂಡನ ಕೈಲಿ ಆಗಿಲ್ಲಂದ್ರ ಜಿಲ್ಲಾದಾಗ ಯಾರ ಕೈಲೂ ಆಗೂದಿಲ್ಲ." ನೀನು ನನ್ನ ಕಡೆ ನೋಡಿ ನಕ್ಕೆ. ಮುಂದಿನ ವರ್ಷ ಅವರು ಹೋದರು. ನೀನು ಇವತ್ತಿಗೂ ಪ್ರತಿ ಸೋಮವಾರ ಅದರ ಧೂಳು ಒರೆಸಿ, ಕಸೂತಿ ಬಟ್ಟೆ ಹೊದಿಸುತ್ತೀ.

ಹೋದ ಶುಕ್ರವಾರ ಹೈದರಾಬಾದಿಗೆ ಫೋನು ಮಾಡಿ ಆ ವಾಲ್ವು ಕೇಳಿದೆ. ನಿನ್ನೆ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. ಇಪ್ಪತ್ತೊಂದು ವರ್ಷ ಸಿಗುವುದಿಲ್ಲ ಎಂದದ್ದು ನಾಲ್ಕು ದಿನದಲ್ಲಿ ಬಂತು. ಹೊಸದು ವೆಂಕೋಬನ ಅಪ್ಪನಿಗೆ ಹೋಗಿದೆ, ನಿನ್ನೆ ಸಂಜೆಯೇ ಹಾಡಿತಂತೆ. ಕೆಂಪು ಚುಕ್ಕೆಯದು ನಿಮ್ಮಪ್ಪನ ರೇಡಿಯೊಗೆ ಹಿಂದಿರುಗಿದೆ. ಅದರ ಗುಂಡಿಯನ್ನು ನಾನು ತಿರುಗಿಸಿಲ್ಲ.

ಟ್ರೇ ಬಿಚ್ಚುವುದು ನಾಡಿದ್ದು ಶುಕ್ರವಾರ, ಹತ್ತೊಂಬತ್ತಕ್ಕೆ. ಕ್ಯಾಲೆಂಡರಿನಲ್ಲಿ ಕುಂಕುಮದ ಸುತ್ತು ಹಾಕಿದ್ದೇನೆ, ಆ ಮೊಳೆಯಲ್ಲಿ ಈಗ ಬೇರೇನೂ ಇಲ್ಲ. ರೇಡಿಯೊ ಹಚ್ಚುವ ದಿನಕ್ಕೆ ಸುತ್ತು ಹಾಕಿಲ್ಲ. ಅದನ್ನು ನೀನು ಬಂದು ಹಾಕು.