ಇಂಜಿನ್ ಹಾಕದೆ ಬಿಸಿನೀರು

ಪ್ರೀತಿಯ ಅಕ್ಕ,

ಕೊನೆಗೂ ಬಿಸಿನೀರಿನ ಸ್ನಾನ ಆಯಿತು! ನಮ್ಮ ದೋಣಿಮನೆಯ ಹಿಂಬದಿಯಲ್ಲಿ, ಇಂಜಿನ್ನಿನ ಹೊಗೆಕೊಳವೆಯ ಪಕ್ಕದಲ್ಲೇ ಬಾತುಕೋಳಿಯೊಂದು ಕಾವಿಗೆ ಕೂತಿದೆ. ನಮ್ಮ ನೀರು ಕಾಯುವುದು ಇಂಜಿನ್ನಿನ ಬಿಸಿಯಿಂದಲೇ; ಅದನ್ನು ಹಾಕಿದರೆ ಬಾತುಕೋಳಿ ಗೂಡು ಬಿಟ್ಟು ಓಡುತ್ತದೆಂದು ಇಷ್ಟು ದಿನ ತಣ್ಣೀರಲ್ಲೇ ನಡುಗಿದೆವು. ಇವತ್ತು ನನ್ನ ಗಂಡ ವಿಲ್ಫ್ ಕಲ್ಲಿದ್ದಲ ಒಲೆಯ ಬೆನ್ನಿಗೆ ತಾಮ್ರದ ಕೊಳವೆ ಸುತ್ತಿ ನೀರಿನ ತೊಟ್ಟಿಗೆ ಜೋಡಿಸಿದ. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು! ನಾನು ಕಿರುಚಿದ್ದು ಕೇಳಿ ಪಕ್ಕದ ದೋಣಿಯ ಎನಿಡ್ ಓಡಿ ಬಂದಳು.

"ಏನೇ, ಕಾಲುವೆಗೆ ಬಿದ್ಯಾ?"

"ಇಲ್ಲ ಕಣೇ, ಸ್ನಾನ ಮಾಡ್ತಿದೀನಿ!"

"ಹಾಗಾದ್ರೆ ಬೇಗ ಮುಗ್ಸು, ನಾನೂ ಟವೆಲ್ ತರ್ತೀನಿ."

ನನ್ನ ಕೆಮ್ಮು ವಾಸಿಯಾಗಿದೆ, ಚಿಂತಿಸಬೇಡ. ಈಗ ದಂಡೆಯ ಮೇಲೆ ಅಕ್ಕಪಕ್ಕದ ದೋಣಿಯವರೆಲ್ಲ ಟವೆಲ್ ಹೊತ್ತು ಸಾಲು ನಿಂತಿದ್ದಾರೆ. ಮೈಯೆಲ್ಲ ಮಸಿಯಾದ ವಿಲ್ಫ್ ಒಲೆಗೆ ಕಲ್ಲಿದ್ದಲು ಹಾಕುತ್ತಾ, ತನ್ನ ಸರದಿ ಯಾವಾಗ ಎಂದು ಕೂಗುತ್ತಿದ್ದಾನೆ!

ಒದ್ದೆ ಕೂದಲಲ್ಲೇ ಅವಸರದಿಂದ,
ನಿನ್ನ ಡಿಲಿಸ್